ಇಂಗ್ಲಿಷ್ ಪದದಲ್ಲಿ ಒತ್ತು ಎಲ್ಲಿ ಬೀಳುತ್ತೆ ಅಂತ ಹೇಗೆ ತಿಳಿಯೋದು?

ಮಳೆಹನಿ
ಎರಡು ದಿನದಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ, ಅದಕ್ಕೇ ಕೇಳುತ್ತಿದ್ದೇನೆ. ಮೊನ್ನೆ ಆನ್‌ಲೈನ್ ಮೀಟಿಂಗ್‌ನಲ್ಲಿ “ಕಮಿಟಿ ಇದನ್ನು ಒಪ್ಪಿದೆ” ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಆ ಕಡೆಯವರು “ಯಾವ ಕಾಮಿಡಿ?” ಅಂದರು. ತಮಾಷೆಗಲ್ಲ, ಅವರಿಗೆ ನಿಜವಾಗಿಯೂ ಹಾಗೇ ಕೇಳಿಸಿದೆ. ಮತ್ತೆ ಹೇಳಿದೆ, ಇನ್ನೂ ಜೋರಾಗಿ. ಮತ್ತೆ ಅದೇ ಪ್ರಶ್ನೆ. ಮೂರನೇ ಸಲ ಚಾಟ್‌ನಲ್ಲಿ ಟೈಪ್ ಮಾಡಿ ತೋರಿಸಬೇಕಾಯಿತು.

ಆಮೇಲೆ ಗೆಳತಿಯೊಬ್ಬಳು ಹೇಳಿದಳು, ನಾನು ಮೊದಲ ಸಿಲಬಲ್ (ಒಂದು ಸ್ವರದ ಸುತ್ತ ಬರುವ ಪದದ ತುಣುಕು) ಮೇಲೆ ಒತ್ತು ಹಾಕುತ್ತೇನಂತೆ, ಅದು ಎರಡನೆಯದರ ಮೇಲೆ ಬೀಳಬೇಕಂತೆ. 15 ವರ್ಷದಿಂದ ಇಂಗ್ಲಿಷಿನಲ್ಲೇ ಕೆಲಸ ಮಾಡುತ್ತಿದ್ದೇನೆ. ವ್ಯಾಕರಣ ಸರಿಯಿದೆ, ಪದಗಳಿಗೆ ತಡಕಾಡುವುದಿಲ್ಲ. ಆದರೂ ಒಂದು ಪದ ಮೂರು ಸಲ ಹೇಳಬೇಕಾಯಿತು ಅಂದರೆ ಬೇಜಾರಾಗುತ್ತೆ ಅಲ್ವಾ? ಎಲ್ಲಿ ಒತ್ತು ಅಂತ ತಿಳಿಯಲು ದಾರಿ ಇದೆಯೇ, ಇಲ್ಲ ಒಂದೊಂದು ಪದವೂ ಬಾಯಿಪಾಠವೇ?

ದಾರಿಹೋಕ
ನಿಮಗೊಬ್ಬರಿಗೇ ಅಲ್ಲ ಇದು. “ಡೆವಲಪ್” ಅನ್ನುವಾಗ ಒತ್ತು ಡೆ ಮೇಲಲ್ಲ, ವೆ ಮೇಲೆ ಅಂತ ನನಗೆ ಗೊತ್ತಾಗಿದ್ದೇ ಹೋದ ವರ್ಷ.

ಕಡ್ಡಿಪೆಟ್ಟಿಗೆ
ಒತ್ತು ಅಂದರೆ ಒತ್ತಕ್ಷರವೇ? ಕಮಿಟಿ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಎಂ ಎರಡು, ಟಿ ಎರಡು ಬರುತ್ತೆ. ಹಾಗಾದರೆ “ಕಮ್ಮಿಟ್ಟಿ” ಅನ್ನಬೇಕೇ?

ಪಾಠದ ಮೇಷ್ಟ್ರು
ಇಲ್ಲ, ಎರಡೂ ಬೇರೆ. ನಮಗೆ ಕತೆ ಬೇರೆ, ಕತ್ತೆ ಬೇರೆ. ತ-ಕಾರ ಎರಡು ಸಲ ಕೇಳಿಸಲೇಬೇಕು. ಇಂಗ್ಲಿಷಿನಲ್ಲಿ ಒಂದೇ ಪದದೊಳಗೆ ಎರಡು ಟಿ ಬರೆದರೂ ಉಚ್ಚಾರದಲ್ಲಿ ಒಂದೇ. ಇಲ್ಲಿ ಒತ್ತು ಅಂದರೆ ಪದದ ಒಂದು ಸಿಲಬಲ್ ಬೇರೆಯವುಗಳಿಗಿಂತ ಎದ್ದು ಕೇಳುವುದು. ಅದು ಸ್ವಲ್ಪ ಉದ್ದವಾಗುತ್ತೆ, ದನಿಯ ಮಟ್ಟ ಅಲ್ಲಿ ಬದಲಾಗುತ್ತೆ, ಸ್ವಲ್ಪ ಜೋರಾಗುತ್ತೆ, ಸ್ವರ ಪೂರ್ತಿಯಾಗಿ ಕೇಳುತ್ತೆ.

ಮಳೆಹನಿ ಅವರೇ, ನೀವು ಎರಡನೇ ಸಲ “ಇನ್ನೂ ಜೋರಾಗಿ” ಹೇಳಿದೆ ಅಂದಿರಲ್ಲ, ತೊಂದರೆ ಅಲ್ಲೇ ಇದೆ. ಪೂರ್ತಿ ಪದ ಜೋರಾದರೆ ಒತ್ತು ಇದ್ದ ಜಾಗದಲ್ಲೇ ಇರುತ್ತೆ.

ಮುಂದೆ ಬರೆಯುವಾಗ ಒಂದು ಗುರುತು ಇಟ್ಟುಕೊಳ್ಳೋಣ. ಒತ್ತು ಬೀಳುವ ಸಿಲಬಲ್‌ಗೆ ಮುಂಚೆ ' ಹಾಕಿ. ಕ'ಮಿಟಿ. ಡಿ'ವೆಲಪ್. ಬಹಳಷ್ಟು ನಿಘಂಟುಗಳೂ ಹೀಗೇ ಹಾಕುತ್ತವೆ. ಕೆಲವು ಅಮೆರಿಕನ್ ನಿಘಂಟುಗಳಲ್ಲಿ ಗುರುತು ಸಿಲಬಲ್ ಆದ ಮೇಲೆ ಇರುತ್ತೆ, ಅದನ್ನು ನೋಡಿಕೊಂಡು ಓದಬೇಕು.

ನೇರನುಡಿ
ಇಷ್ಟೆಲ್ಲ ತಲೆಬಿಸಿ ಯಾಕೆ? ಅರ್ಥ ಆದರೆ ಸಾಕು. ನಮ್ಮ ಉಚ್ಚಾರ ನಮ್ಮದು. ಅವರ ಹಾಗೇ ಮಾತಾಡಬೇಕು ಅಂತ ಯಾರು ಹೇಳಿದರು?

ರಾತ್ರಿಪಾಳಿ
ಅರ್ಥ ಆಗಲಿಲ್ಲ ಅಂತಲೇ ಅವರು ಕೇಳುತ್ತಿರುವುದು ನೇರನುಡಿ ಅವರೇ. ಮೂರು ಸಲ.

ನಾನು ಫೋನಿನಲ್ಲಿ ಮಾತಾಡುವ ಕೆಲಸದಲ್ಲಿ ಎಂಟು ವರ್ಷ ಇದ್ದೆ. ಅಲ್ಲಿ ಮುಖ ಕಾಣುವುದಿಲ್ಲ, ಕೈಸನ್ನೆ ಇಲ್ಲ, ಬರೀ ದನಿ. ಒಂದು ಸಲ ಕಾರ್ಯಕ್ರಮಕ್ಕೆ 15 ಕುರ್ಚಿ ಬೇಕು ಅಂತ ಫೋನಿನಲ್ಲೇ ಹೇಳಿದೆ. “ಫಿಫ್ಟೀನ್” ಅನ್ನುವಾಗ ನನ್ನ ಒತ್ತು ಪೂರ್ತಿ ಫಿಫ್ ಮೇಲೆ, ಕೊನೆಯ ನ್ ನುಂಗಿದ್ದೆ. ಬಂದಿದ್ದು 50 ಕುರ್ಚಿ. ಬಾಗಿಲಲ್ಲಿ ಸಾಲಾಗಿ ಇಳಿಸುತ್ತಿದ್ದಾರೆ, ನಾನು ಎಣಿಸುತ್ತ ನಿಂತಿದ್ದೇನೆ. ಹೊಟ್ಟೆಯಲ್ಲಿ ತಣ್ಣಗಾಯಿತು. ಫಿಫ್'ಟೀನ್, 'ಫಿಫ್ಟಿ. ಅವತ್ತಿನಿಂದ ಮರೆತಿಲ್ಲ.

ಹಕ್ಕಿಗೂಡು
ಸಂಖ್ಯೆ ಹೇಳುವಾಗ ನಾನು “ಒನ್ ಫೈವ್” ಅಂತ ಬಿಡಿಸಿ ಹೇಳಿಬಿಡುತ್ತೇನೆ. ಅದೇ ಸುಲಭ.

ಪಾಠದ ಮೇಷ್ಟ್ರು
ಒಳ್ಳೆಯ ಅಭ್ಯಾಸ. ಯಾಕೆಂದರೆ ಫಿಫ್'ಟೀನ್ ಒಂಟಿಯಾಗಿ ಬಂದಾಗ ಒತ್ತು ಟೀನ್ ಮೇಲೆ, ಮುಂದೆ ಒತ್ತುಳ್ಳ ಇನ್ನೊಂದು ಪದ ಬಂದರೆ ಅದು ಫಿಫ್ ಕಡೆ ಜಾರುತ್ತೆ. “'ಫಿಫ್ಟೀನ್ 'ಚೇರ್ಸ್” ಅಂತಲೇ ಇಂಗ್ಲಿಷರೂ ಹೇಳುತ್ತಾರೆ. ಆಗ ಟೀನ್‌ನ ಉದ್ದ, ಕೊನೆಯ ನ್ ಇವೇ ಆಧಾರ.

ಧ್ವನಿಜಾಡು
ನೇರನುಡಿ ಅವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಇದರ ಬಗ್ಗೆ ವಿದ್ವಾಂಸರಲ್ಲೇ ಜಗಳ ಇದೆ. ಜೆನಿಫರ್ ಜೆಂಕಿನ್ಸ್ 2000ದಲ್ಲಿ ಒಂದು ಪಟ್ಟಿ ಮುಂದಿಟ್ಟರು. ಇಂಗ್ಲಿಷ್ ತಾಯ್ನುಡಿಯಲ್ಲದವರು ಪರಸ್ಪರ ಮಾತಾಡುವಾಗ ಅರ್ಥವಾಗಲು ಯಾವ ಯಾವ ಉಚ್ಚಾರ ಬೇಕೇ ಬೇಕು ಅನ್ನುವ ಪಟ್ಟಿ. ವಾಕ್ಯದಲ್ಲಿ ಯಾವ ಪದಕ್ಕೆ ಒತ್ತು ಅನ್ನುವುದು ಅದರಲ್ಲಿದೆ. ಪದದೊಳಗೆ ಎಲ್ಲಿ ಒತ್ತು ಅನ್ನುವುದನ್ನು ಅವರು ಹೊರಗಿಟ್ಟರು.

ಆದರೆ 2005ರಲ್ಲಿ ಜಾನ್ ಫೀಲ್ಡ್ ಪ್ರಯೋಗ ಮಾಡಿ ನೋಡಿದರು. ಒತ್ತು ಜಾಗ ಬದಲಿಸಿದ ಪದಗಳನ್ನು ಕೇಳಿಸಿ ಬರೆಯಲು ಹೇಳಿದರು. ಇಂಗ್ಲಿಷ್ ತಾಯ್ನುಡಿಯವರಿಗೂ ಕಲಿತವರಿಗೂ ಎರಡೂ ಕಡೆ ತೊಂದರೆಯಾಯಿತು. ಒತ್ತು ಬಲಕ್ಕೆ, ಅಂದರೆ ಪದದ ಕೊನೆಯ ಕಡೆಗೆ ಸರಿದಾಗ ತೊಂದರೆ ಜಾಸ್ತಿ, ಎಡಕ್ಕೆ ಸರಿದಾಗ ಕಡಿಮೆ. ಹಾಗಾಗಿ ಎಲ್ಲ ತಪ್ಪೂ ಒಂದೇ ತೂಕದ್ದಲ್ಲ.

ನೇರನುಡಿ
ಬಲಕ್ಕೆ ಸರಿದರೆ ಯಾಕೆ ಜಾಸ್ತಿ?

ಧ್ವನಿಜಾಡು
ನನಗೆ ಒಪ್ಪಿಗೆಯಾಗುವ ಕಾರಣ ಹೇಳುತ್ತೇನೆ. ಮಾತು ಕಿವಿಗೆ ಬೀಳುವಾಗ ಪದಗಳ ನಡುವೆ ಖಾಲಿ ಜಾಗ ಇರುವುದಿಲ್ಲ, ಒಂದೇ ಹರಿವು. ಎಲ್ಲಿ ಕತ್ತರಿಸಬೇಕು ಅಂತ ಕೇಳುಗ ಕಂಡುಕೊಳ್ಳಬೇಕು. ಆನ್ ಕಟ್ಲರ್ ಮತ್ತು ಕಾರ್ಟರ್ 1987ರಲ್ಲಿ ಲೆಕ್ಕ ಹಾಕಿದರು: ಇಂಗ್ಲಿಷ್ ಮಾತುಕತೆಯಲ್ಲಿ ಬರುವ ಅರ್ಥ ಹೊತ್ತ ಪದಗಳಲ್ಲಿ ಸುಮಾರು ಶೇ. 90 ಬಲವಾದ, ಅಂದರೆ ಸ್ವರ ಪೂರ್ತಿಯಾಗಿ ಕೇಳುವ ಸಿಲಬಲ್‌ನಿಂದಲೇ ಶುರುವಾಗುತ್ತವೆ, ಒಂದೇ ಸಿಲಬಲ್‌ನ ಪದಗಳೂ ಸೇರಿ. ಹಾಗಾಗಿ ಬಲವಾದ ಸಿಲಬಲ್ ಬಂತು ಅಂದರೆ ಹೊಸ ಪದ ಶುರುವಾಯಿತು ಅಂತ ಅವರ ಕಿವಿ ಅಂದುಕೊಳ್ಳುತ್ತೆ. 'ಇಂಡಸ್ಟ್ರಿ ಅನ್ನುವ ಬದಲು ಇನ್'ಡಸ್ಟ್ರಿ ಅಂದರೆ ಅವರ ಕಿವಿ ಡ ಹತ್ತಿರ ಕತ್ತರಿಸುತ್ತೆ. ಇನ್ ಒಂದು ಪದ, ಡಸ್ಟ್ ಇನ್ನೊಂದು ಪದ. ಆಮೇಲೆ ಉಳಿದಿದ್ದು ಯಾವುದಕ್ಕೂ ಹೊಂದುವುದಿಲ್ಲ.

ಮಳೆಹನಿ
ಅಬ್ಬಾ, ಇದು ನನಗೆ ಹೊಸದು. ನನ್ನದು ಎಡಕ್ಕೆ ಸರಿದ ತಪ್ಪು ಅಲ್ವಾ? ಆದರೂ ಅರ್ಥ ಆಗಲಿಲ್ಲವಲ್ಲ.

ಪಾಠದ ಮೇಷ್ಟ್ರು
ನಿಮ್ಮ ದುರದೃಷ್ಟಕ್ಕೆ ಅಲ್ಲಿ ಇನ್ನೊಂದು ಪದ ಕಾದು ಕೂತಿತ್ತು. 'ಕಾಮಿಡಿ. ಅಮೆರಿಕದವರು ಎರಡು ಸ್ವರಗಳ ನಡುವಿನ ಟ-ವನ್ನು, ಅದರ ಮುಂದೆ ಒತ್ತಿಲ್ಲದಿದ್ದರೆ, ಡ-ಕ್ಕೆ ಹತ್ತಿರ ಮಾಡುತ್ತಾರೆ. ನಿಮ್ಮ ಟಿ-ಯನ್ನು ಅವರ ಕಿವಿ ಡಿ ಮಾಡಿಕೊಂಡಿದೆ. ಉಳಿದಿದ್ದನ್ನು ಮೊದಲ ಸಿಲಬಲ್ ಮೇಲಿನ ಒತ್ತು ಮಾಡಿದೆ.

ದಾರಿಹೋಕ
ನನ್ನ ಅನುಭವ ಹೇಳಲೇ? ದೊಡ್ಡವನಾದ ಮೇಲೆ ನಿಘಂಟು ನೋಡಿ ಕಲಿತ ಪದಗಳಲ್ಲಿ ನನಗೆ ತೊಂದರೆಯೇ ಇಲ್ಲ. ಚಿಕ್ಕಂದಿನಿಂದ ಕನ್ನಡದೊಳಗೇ ಕೇಳಿಕೊಂಡು ಬಂದ ಪದಗಳೇ ಕೈಕೊಡುವುದು. ಹೋಟೆಲ್, ಕಮಿಟಿ, ಪೊಲೀಸ್, ಕ್ಯಾಲೆಂಡರ್. ಇವು ನಮ್ಮ ಮನೆಯ ಪದಗಳೇ ಆಗಿಬಿಟ್ಟಿವೆ. ಇಂಗ್ಲಿಷ್ ಮಾತಾಡುವಾಗಲೂ ಅವು ಕನ್ನಡದ ಬಟ್ಟೆಯಲ್ಲೇ ಹೊರಗೆ ಬರುತ್ತವೆ. ಹೋ'ಟೆಲ್ ಅನ್ನಲು ನನಗೆ ಈಗಲೂ ನಾಲಿಗೆ ಏಳುವುದಿಲ್ಲ.

ನೇರನುಡಿ
ಕನ್ನಡ ಮಾತಾಡುವಾಗ “ಹೋಟೆಲ್‌ಗೆ ಹೋಗೋಣ” ಅನ್ನುವುದು ಪೂರ್ತಿ ಸರಿ. ಅಲ್ಲಿ ಹೋ'ಟೆಲ್ ಅಂದರೆ ನಕಲಿ ಅನಿಸುತ್ತೆ. ಇದನ್ನಾದರೂ ಒಪ್ಪುತ್ತೀರಾ?

ದಾರಿಹೋಕ
ನೂರಕ್ಕೆ ನೂರು ಒಪ್ಪಿದೆ. ಭಾಷೆ ಬದಲಿಸಿದಾಗ ಮಾತ್ರ ಪದವೂ ಬದಲಾಗಬೇಕು.

ಹಕ್ಕಿಗೂಡು
ಶಾಲೆಯಲ್ಲಿ ನಮಗೆ ಒಂದು ಸೂತ್ರ ಹೇಳಿಕೊಟ್ಟಿದ್ದರು. ನಾಮಪದ ಆದರೆ ಮೊದಲ ಸಿಲಬಲ್, ಕ್ರಿಯಾಪದ ಆದರೆ ಎರಡನೆಯದು. 'ರೆಕಾರ್ಡ್ ಅಂದರೆ ದಾಖಲೆ, ರಿ'ಕಾರ್ಡ್ ಅಂದರೆ ದಾಖಲಿಸು. 'ಪ್ರೆಸೆಂಟ್ ಉಡುಗೊರೆ, ಪ್ರಿ'ಸೆಂಟ್ ಕೊಡು. ಇದೊಂದು ಗೊತ್ತಿದ್ದರೆ ಸಾಕು.

ಧ್ವನಿಜಾಡು
ಸಾಕಾಗುವುದಿಲ್ಲ. ರಿ'ಪೋರ್ಟ್, ಕಂ'ಟ್ರೋಲ್, ಸ'ಪೋರ್ಟ್, ರಿ'ಪ್ಲೈ. ಇವೆಲ್ಲ ನಾಮಪದವಾದರೂ ಕ್ರಿಯಾಪದವಾದರೂ ಒತ್ತು ಎರಡನೆಯದರ ಮೇಲೇ. ನಿಮ್ಮ ಸೂತ್ರ ನಂಬಿದವರು 'ರಿಪೋರ್ಟ್ ಅನ್ನುತ್ತಾರೆ. ಇನ್ನೊಂದು ವಿಷಯ, ಈ ಜೋಡಿಗಳು ಮೊದಲಿನಿಂದ ಇದ್ದದ್ದೂ ಅಲ್ಲ. ಡೊನಾಲ್ಡ್ ಶೆರ್ಮನ್ 1975ರಲ್ಲಿ ಹಳೆಯ ನಿಘಂಟುಗಳನ್ನು ಹುಡುಕಿದಾಗ 1570ರಲ್ಲಿ ಸಿಕ್ಕಿದ್ದು ಬರೀ ಮೂರು ಜೋಡಿ, ಅದರಲ್ಲಿ ರೆಕಾರ್ಡ್ ಒಂದು. 1934ರ ಹೊತ್ತಿಗೆ 150. ಅಂದರೆ ಇನ್ನೂ ಹರಡುತ್ತಿರುವ ಪದ್ಧತಿ ಅದು.

ಹಕ್ಕಿಗೂಡು
ಸರಿ, “ಸಾಕು” ಅನ್ನುವ ಮಾತು ವಾಪಸ್ ತಗೊಂಡೆ. ಆದರೆ ಶುರು ಮಾಡಲು ಒಳ್ಳೆಯದೇ.

ಲಘುಗುರು
ಯಾರೂ ಛಂದಸ್ಸಿನ ಮಾತೇ ಎತ್ತಲಿಲ್ಲವಲ್ಲ! ಪದ್ಯಕ್ಕೆ ಪ್ರಸ್ತಾರ ಹಾಕಿ ಅಭ್ಯಾಸ ಇದ್ದವರಿಗೆ ಇದು ಬೇಗ ಹಿಡಿಯುತ್ತೆ.

ದೀರ್ಘ ಸ್ವರ ಇದ್ದರೆ ಗುರು, ಮುಂದೆ ಒತ್ತಕ್ಷರ ಇದ್ದರೆ ಗುರು, ಅನುಸ್ವಾರ ಇದ್ದರೆ ಗುರು. ಅದನ್ನೇ ಇಂಗ್ಲಿಷಿಗೆ ಹಚ್ಚಿ. ಮೂರು ಅಥವಾ ಜಾಸ್ತಿ ಸಿಲಬಲ್ ಇರುವ ನಾಮಪದದಲ್ಲಿ ಕೊನೆಯಿಂದ ಎರಡನೆಯದನ್ನು ನೋಡಿ. ಅದು ಗುರು ಆಗಿದ್ದರೆ ಒತ್ತು ಅದರ ಮೇಲೆ. ಲಘು ಆಗಿದ್ದರೆ ಅದರ ಹಿಂದಿನದಕ್ಕೆ. ಅ'ಜೆಂಡ, ಜೆಂ ಗುರು. ಅ'ರೋಮ, ರೋ ಗುರು. ಹ'ರೈಜನ್, ರೈ ಗುರು. ಈಗ ಲಘು ನೋಡಿ. 'ಸಿನಿಮ, ನಿ ಲಘು, ಒತ್ತು ಹಿಂದಕ್ಕೆ ಹೋಯಿತು. 'ಅನಿಮಲ್ ಹಾಗೇ, ಅ'ಮೆರಿಕ ಹಾಗೇ.

ಇದು ನಾನು ಕಟ್ಟಿದ್ದಲ್ಲ. ಲ್ಯಾಟಿನ್ ಭಾಷೆಯ ಒತ್ತು ಹೀಗೇ ನಡೆಯುತ್ತಿತ್ತು. ಇಂಗ್ಲಿಷಿನ ಎಷ್ಟೋ ನಾಮಪದಗಳೂ ಇದೇ ದಾರಿ ಹಿಡಿದಿವೆ ಅಂತ ಭಾಷಾವಿಜ್ಞಾನಿಗಳಾದ ಚಾಮ್‌ಸ್ಕಿ ಮತ್ತು ಹಾಲೆ 1968ರಲ್ಲಿ ವಿವರವಾಗಿ ತೋರಿಸಿದರು.

ಕಡ್ಡಿಪೆಟ್ಟಿಗೆ
ಇದು ಚೆನ್ನಾಗಿದೆ! ಪ್ರಸ್ತಾರ ಹಾಕುವುದು ಪರೀಕ್ಷೆ ಮುಗಿದ ಮೇಲೆ ಎಲ್ಲಿಗೂ ಬೇಕಾಗಿರಲಿಲ್ಲ ನನಗೆ.

ಮಳೆಹನಿ
ಹಾಗಾದರೆ ನನ್ನ ಪದಕ್ಕೆ ಹಚ್ಚಿ ನೋಡಿದೆ. ಕ-ಮಿ-ಟಿ. ಮಿ ಲಘು. ನಿಮ್ಮ ಲೆಕ್ಕದಲ್ಲಿ ಒತ್ತು ಕ ಮೇಲೆ ಬರಬೇಕಲ್ಲ. ನಾನು ಹೇಳಿದ್ದೂ ಅದನ್ನೇ!

ಲಘುಗುರು
ಸರಿಯಾಗಿ ಹಿಡಿದಿರಿ. ಅದು ಕ'ಮಿಟ್ ಅನ್ನುವ ಕ್ರಿಯಾಪದದಿಂದ ಹುಟ್ಟಿದ ಪದ. ಬೇರಿನಲ್ಲಿ ಒತ್ತು ಎಲ್ಲಿತ್ತೋ ಈಗಲೂ ಅಲ್ಲೇ ಇದೆ. ಮಳೆಹನಿ ಅವರೇ, ನಿಮ್ಮ ಕಿವಿ ತಪ್ಪಿರಲಿಲ್ಲ, ಪದದ ಹಿನ್ನೆಲೆ ಗೊತ್ತಿರಲಿಲ್ಲ ಅಷ್ಟೇ.

ಪಾಠದ ಮೇಷ್ಟ್ರು
ಲಘುಗುರು ಅವರ ಮಾತಿಗೆ ಒಂದು ಸೇರಿಸುತ್ತೇನೆ, ಒಂದು ಎಚ್ಚರಿಕೆಯನ್ನೂ.

ಮೊದಲು ಎಚ್ಚರಿಕೆ. 'ಇಂಡಸ್ಟ್ರಿ, 'ಕ್ಯಾರಕ್ಟರ್, 'ಕ್ಯಾಲೆಂಡರ್. ಈ ಮೂರರಲ್ಲೂ ನಡುವಿನ ಸಿಲಬಲ್ ಗುರು, ಆದರೂ ಒತ್ತು ಮೊದಲನೆಯದರ ಮೇಲೆ. ಸೂತ್ರ ಮೀರಿದ ಪದಗಳು. ಈಗ ನೋಡಿ, ನನ್ನ ತರಗತಿಯಲ್ಲಿ ಮಕ್ಕಳು ತಪ್ಪುವುದೂ ಇಲ್ಲೇ. ಇನ್'ಡಸ್ಟ್ರಿ, ಕ'ರಕ್ಟರ್ ಅನ್ನುತ್ತಾರೆ. ಮೊದಲೆಲ್ಲ ಇದು ಬರೀ ಅಜಾಗರೂಕತೆ ಅಂದುಕೊಂಡು ಗದರುತ್ತಿದ್ದೆ. ಆಮೇಲೆ ಅರ್ಥವಾಯಿತು, ಆ ಮಕ್ಕಳ ಕಿವಿ ಗುರುವನ್ನು ಹುಡುಕಿಕೊಂಡು ಹೋಗುತ್ತಿದೆ. ಅದರಲ್ಲಿ ಒಂದು ಕ್ರಮ ಇದೆ. ಗದರಿದ್ದಕ್ಕೆ ಈಗಲೂ ಬೇಸರವಿದೆ ನನಗೆ.

ಸೇರಿಸಬೇಕಾದದ್ದು ಪ್ರತ್ಯಯಗಳ ವಿಷಯ. ಇದನ್ನು ಕಲಿತರೆ ನೂರಾರು ಪದ ಒಟ್ಟಿಗೆ ಸಿಗುತ್ತವೆ. ಇಕ್, ಶನ್, ಇಟಿ, ಇಯನ್ ಕೊನೆಯಲ್ಲಿ ಬಂದರೆ ಒತ್ತು ಅದಕ್ಕೆ ತಾಗಿ ಹಿಂದಿರುವ ಸಿಲಬಲ್‌ಗೆ ಬರುತ್ತೆ. ಎಕ'ನಾಮಿಕ್, ಎಜು'ಕೇಶನ್, ಅ'ಬಿಲಿಟಿ, ಮ್ಯು'ಜಿಶಿಯನ್. 'ಪಾಲಿಟಿಕ್ಸ್, 'ಅರಬಿಕ್ ಥರದ ಕೆಲವು ತಪ್ಪಿಸಿಕೊಂಡಿವೆ. ಮೆಂಟ್, ನೆಸ್, ಫುಲ್, ಲಿ ಬಂದರೆ ಒತ್ತು ಅಲುಗಾಡುವುದಿಲ್ಲ. ಡಿ'ವೆಲಪ್, ಡಿ'ವೆಲಪ್‌ಮೆಂಟ್. ಕೊನೆಯಲ್ಲಿ ಈಯರ್, ಈಸ್ ಬಂದರೆ ಅವೇ ಒತ್ತು ಕಸಿದುಕೊಳ್ಳುತ್ತವೆ. ಎಂಜಿ'ನೀಯರ್, ಜಪ'ನೀಸ್.

ರಾತ್ರಿಪಾಳಿ
ಮೇಷ್ಟ್ರೇ, ಸೂತ್ರ ಎಲ್ಲ ಸರಿ. ಆದರೆ ನನಗೆ ನಿಜವಾಗಿ ಬದಲಾವಣೆ ತಂದದ್ದು ಬೇರೆ. ಒತ್ತು ಹಾಕಲು ಕಲಿತಿದ್ದಲ್ಲ, ಉಳಿದದ್ದನ್ನು ಸಡಿಲ ಬಿಡಲು ಕಲಿತಿದ್ದು.

ನಾವು ಎಲ್ಲ ಅಕ್ಷರವನ್ನೂ ಪೂರ್ತಿ ಉಚ್ಚರಿಸುತ್ತೇವೆ. ಕನ್ನಡಕ್ಕೆ ಅದು ಬೇಕೇ ಬೇಕು. ಇಂಗ್ಲಿಷಿನಲ್ಲಿ ಒತ್ತು ಇಲ್ಲದ ಸಿಲಬಲ್‌ನ ಸ್ವರ ಸಾಮಾನ್ಯವಾಗಿ ಕರಗಿಹೋಗುತ್ತೆ. ಎ ಇರಲಿ, ಓ ಇರಲಿ, ಬಾಯಿ ಅರ್ಧ ತೆರೆದು, ನಾಲಿಗೆ ಎಲ್ಲಿಗೂ ಹೋಗದೆ ಬರುವ ಒಂದು ಸಣ್ಣ “ಅ” ಆಗಿಬಿಡುತ್ತೆ. ಅದಕ್ಕೆ ಶ್ವಾ ಅನ್ನುತ್ತಾರೆ. “ಕಂಫರ್ಟೇಬಲ್” ಪದ ತಗೊಳ್ಳಿ. ನಾವು ಟೇಬಲ್ ಅನ್ನುವ ಮೇಜನ್ನೇ ಅಲ್ಲಿ ತಂದು ಇಡುತ್ತೇವೆ. ಅವರು ಹೇಳುವುದು ಹೆಚ್ಚುಕಡಿಮೆ 'ಕಂಫ್ಟಬಲ್. ಟೇ ಇಲ್ಲವೇ ಇಲ್ಲ.

ನನಗೆ ತರಬೇತಿ ಕೊಟ್ಟವರು ಹೇಳಿದ್ದು, ಒತ್ತಬೇಕಾದ್ದನ್ನು ಸದ್ಯಕ್ಕೆ ಮರೆತುಬಿಡಿ, ಮೊದಲು ಬಾಕಿಯದನ್ನು ನುಂಗಿ ಅಂತ. ಹಾಗೆ ಮಾಡಿದ ಕೂಡಲೇ ಒತ್ತು ತಾನಾಗೇ ಎದ್ದು ನಿಂತಿತು.

ಲಘುಗುರು
ಇದಕ್ಕೆ ನಮ್ಮ ಲಿಪಿಯೂ ಕಾರಣ. ಶ್ವಾಗೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಹಾಗಾಗಿ ಇಂಗ್ಲಿಷ್ ಪದ ಕನ್ನಡದಲ್ಲಿ ಬರೆದಾಗ ಅಲ್ಲಿ ಏ, ಓ, ಆ ಏನಾದರೊಂದು ಗಟ್ಟಿಯಾಗಿ ಕೂರುತ್ತೆ. “ಫೋಟೋಗ್ರಾಫರ್” ಅಂತ ಬರೆದಿದ್ದನ್ನು ಬರೆದ ಹಾಗೇ ಓದಿದರೆ ಮೂರು ಗುರು ಸಾಲಾಗಿ ಬಂತು. ಇಂಗ್ಲಿಷಿನಲ್ಲಿ ಅದು ಫ'ಟಾಗ್ರಫರ್. ಅದೇ ಬೇರಿನ 'ಫೋಟಗ್ರಾಫ್ ಆದರೆ ಒತ್ತು ಮೊದಲಿಗೆ, ಫೋಟ'ಗ್ರಾಫಿಕ್ ಆದರೆ ಮೂರನೆಯದಕ್ಕೆ. ಒತ್ತು ಓಡಿದ ಕಡೆ ಸ್ವರ ಅರಳುತ್ತೆ, ಬಿಟ್ಟು ಹೋದ ಕಡೆ ಮುದುಡುತ್ತೆ.

ನೇರನುಡಿ
ಈಗ ಸ್ವಲ್ಪ ಅರ್ಥವಾಗುತ್ತಿದೆ. ಆದರೆ ಅವರೂ ನಮ್ಮ ಭಾಷೆಗೆ ಇದನ್ನೇ ಮಾಡುತ್ತಾರಲ್ಲ. ನನ್ನ ಸಹೋದ್ಯೋಗಿಯೊಬ್ಬರು ಆಸೆಯಿಂದ ಕನ್ನಡ ಕಲಿಯುತ್ತಿದ್ದಾರೆ. “ಕನ್ನಡ” ಅನ್ನಲು ಹೋಗಿ “ಕನಾಡ” ಅನ್ನುತ್ತಾರೆ. “ಮರ” ಅಂದರೆ “ಮಾರ” ಆಗುತ್ತೆ.

ರಾತ್ರಿಪಾಳಿ
ಅದೇ ತೊಂದರೆ, ಕನ್ನಡಿಯಲ್ಲಿ ನೋಡಿದ ಹಾಗೆ. ಅವರಿಗೆ ಒತ್ತು ಬಿದ್ದ ಕಡೆ ಸ್ವರ ಎಳೆಯುವ ಅಭ್ಯಾಸ. ನಮಗೆ ಮರಿ ಬೇರೆ, ಮಾರಿ ಬೇರೆ. ಅವರಿಗೆ ಹೇಳಿ, ಎಲ್ಲ ಅಕ್ಷರಕ್ಕೂ ಸಮನಾಗಿ ಬಾಯಿ ತೆರೆಯಲಿ.

ಕಡ್ಡಿಪೆಟ್ಟಿಗೆ
ಇಂಗ್ಲಿಷಿನಲ್ಲಿ ಒತ್ತುಗಳು ಗಡಿಯಾರದ ಹಾಗೆ ಸಮ ಅಂತರದಲ್ಲಿ ಬೀಳುತ್ತವೆ ಅಂತ ಓದಿದ್ದೆ. ನಿಜವೇ?

ಧ್ವನಿಜಾಡು
ಕೆನೆತ್ ಪೈಕ್ 1945ರಲ್ಲಿ ಭಾಷೆಗಳ ಲಯವನ್ನು ಎರಡು ಬಗೆ ಮಾಡಿದ್ದರು, ಕೆಲವು ಭಾಷೆಗಳಲ್ಲಿ ಒತ್ತುಗಳು ಸಮ ಅಂತರದಲ್ಲಿ ಬೀಳುತ್ತವೆ, ಇನ್ನು ಕೆಲವುಗಳಲ್ಲಿ ಸಿಲಬಲ್‌ಗಳು ಅಂತ. ಆಮೇಲೆ ಅಳೆದು ನೋಡಿದಾಗ ಅಂತರ ಸಮ ಇರಲಿಲ್ಲ. ನಮ್ಮ ಕಿವಿಗೆ ಹಾಗೆ ಅನಿಸುತ್ತೆ, ಅದೂ ಮುಖ್ಯವಾಗಿ ಸ್ವರ ಕರಗುವುದರಿಂದ.

ಹಕ್ಕಿಗೂಡು
ನನಗೆ ಒತ್ತು ಕೇಳಿಸುವುದೇ ಇಲ್ಲ. ಎರಡು ಥರ ಹೇಳಿ ತೋರಿಸಿದರೂ ಒಂದೇ ಅನಿಸುತ್ತೆ. ನನ್ನ ಕಿವಿಯಲ್ಲೇ ದೋಷ ಇದೆಯೇನೋ ಅನ್ನುವ ಭಯ.

ಧ್ವನಿಜಾಡು
ಖಂಡಿತ ಇಲ್ಲ. 1997ರಲ್ಲಿ ಎಮಾನ್ಯುಯೆಲ್ ಡುಪೂ ಮತ್ತು ಜೊತೆಗಾರರು ಫ್ರೆಂಚರ ಮೇಲೆ ಇದನ್ನೇ ಪರೀಕ್ಷಿಸಿದರು. ಒತ್ತಿನ ಜಾಗ ಮಾತ್ರ ಬೇರೆ ಇದ್ದ ಪದಗಳನ್ನು ಗುರುತಿಸಲು ಫ್ರೆಂಚರು ಬಹಳ ಕಷ್ಟಪಟ್ಟರು, ಸ್ಪ್ಯಾನಿಷರಿಗೆ ಅದು ಸಲೀಸು. ಫ್ರೆಂಚಿನಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲ. ಹಾಗಾಗಿ ಅವರ ಕಿವಿ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಸ್ಪ್ಯಾನಿಷಿನಲ್ಲಿ ಬದಲಾಗುತ್ತೆ, ಅದಕ್ಕೆ ಬರಹದಲ್ಲೂ ಗುರುತು ಹಾಕುತ್ತಾರೆ. ತಾಯ್ನುಡಿ ಕಿವಿಯನ್ನು ಹಾಗೆ ಪಳಗಿಸಿದೆ, ದೋಷ ಏನಿಲ್ಲ.

ಹಕ್ಕಿಗೂಡು
ತುಂಬಾ ಸಮಾಧಾನ ಆಯಿತು. ಹಾಗಾದರೆ ಅಭ್ಯಾಸ ಹೇಗೆ? ಚಪ್ಪಾಳೆ ತಟ್ಟಿ ಅಂತ ಒಬ್ಬರು ಹೇಳಿದ್ದರು.

ಪಾಠದ ಮೇಷ್ಟ್ರು
ಚಪ್ಪಾಳೆಯಲ್ಲಿ ಎಲ್ಲ ಸಿಲಬಲ್‌ಗೂ ಒಂದೇ ಏಟು ಬೀಳುತ್ತೆ, ಅಲ್ಲೇ ನಾವು ಹಳೆಯ ಗುಂಡಿಗೆ ಬೀಳುತ್ತೇವೆ. ಪದ ಬಿಟ್ಟು ಬರೀ ರಾಗ ಗುನುಗಿ. ಬಾಯಿ ಮುಚ್ಚಿಕೊಂಡು ಮ್-'ಮ್ಮ್ಮ್-ಮ್. ಡಿ'ವೆಲಪ್, ಕ'ಮಿಟಿ, ಅ'ಜೆಂಡ ಮೂರಕ್ಕೂ ಇದೇ ರಾಗ. ಆಮೇಲೆ ಬಾಯಿ ತೆರೆದು ಪದ ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ನಿಘಂಟಿನ ದನಿಯ ಪಕ್ಕ ಇಟ್ಟು ಕೇಳಿ. ದಿನಕ್ಕೆ ಐದು ಪದ, ಜಾಸ್ತಿ ಬೇಡ.

ರಾತ್ರಿಪಾಳಿ
ಐದೂ ನಿಮ್ಮ ಕೆಲಸದಲ್ಲಿ ದಿನಾ ಬರುವ ಪದಗಳೇ ಆಗಿರಲಿ. ಪಟ್ಟಿ ಹುಡುಕಿಕೊಂಡು ಹೋಗಬೇಡಿ.

ಕಡ್ಡಿಪೆಟ್ಟಿಗೆ
ಲ್ಯಾಬೊರೇಟರಿ ಹೇಗೆ? ಒಂದು ವೀಡಿಯೊದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ.

ಧ್ವನಿಜಾಡು
ಎರಡೂ ಸರಿ. ಬ್ರಿಟಿಷರದು ಲ'ಬಾರಟ್ರಿ, ಅಮೆರಿಕದವರದು 'ಲ್ಯಾಬ್ರಟೋರಿ. ಜಾಹೀರಾತಿಗೆ ಅಡ್'ವರ್ಟಿಸ್‌ಮೆಂಟ್ ಬ್ರಿಟಿಷರದು, ಅಡ್ವರ್'ಟೈಸ್‌ಮೆಂಟ್ ಅಮೆರಿಕದ್ದು. ಅವರವರಲ್ಲೇ ಜಗಳ ಹೊಸದಲ್ಲ. ಬಾಲ್ಕನಿ ಪದಕ್ಕೆ ಮೊದಲು ಒತ್ತು ನಡುವೆ ಇತ್ತು, ಬಾಲ್'ಕೋನಿ. ಅದು ಮೊದಲ ಸಿಲಬಲ್‌ಗೆ ಸರಿದಾಗ, 1855ರಲ್ಲಿ ತೀರಿಕೊಂಡ ಕವಿ ಸ್ಯಾಮ್ಯುಯೆಲ್ ರಾಜರ್ಸ್, ಹಾಗೆ ಕೇಳಿದರೆ ನನಗೆ ವಾಕರಿಕೆ ಬರುತ್ತೆ ಅಂತ ದೂರಿದ್ದರು. ಈಗ ಎಲ್ಲರೂ 'ಬಾಲ್ಕನಿ ಅಂತಲೇ ಅನ್ನುವುದು.

ನೇರನುಡಿ
ನೋಡಿದಿರಾ! ಅವತ್ತಿನ ತಪ್ಪು ಇವತ್ತಿನ ಸರಿ.

ಪಾಠದ ಮೇಷ್ಟ್ರು
ಹೌದು, ಆದರೆ ಊರೆಲ್ಲ ಒಟ್ಟಿಗೆ ಬದಲಾದಾಗ ಮಾತ್ರ. ಒಬ್ಬರೇ ಬದಲಿಸಿದರೆ ಎದುರಿನವರಿಗೆ ಅದು ಕಾಮಿಡಿ ಅಂತಲೇ ಕೇಳುತ್ತೆ.

ಮಳೆಹನಿ
ಎಲ್ಲರಿಗೂ ಬಹಳ ಥ್ಯಾಂಕ್ಸ್. ನಾಲ್ಕು ದಿನ ಬಾಯಿ ಮುಚ್ಚಿ ಗುನುಗಿದೆ, ರಾತ್ರಿಪಾಳಿ ಅವರು ಹೇಳಿದಂತೆ ಕ-ವನ್ನು ಆದಷ್ಟು ಸಣ್ಣ ಮಾಡಿದೆ. ಇವತ್ತು ಅದೇ ಮೀಟಿಂಗ್. ಕ'ಮಿಟಿ ಅಂತ ಎರಡು ಸಲ ಹೇಳಿದೆ. ಯಾರೂ ತಡೆಯಲಿಲ್ಲ, ಮಾತು ಮುಂದಕ್ಕೆ ಹೋಯಿತು. ಜೋರಾಗಿ ಹೇಳಬೇಕಾಗಿಯೇ ಇರಲಿಲ್ಲ.

ಮುಂದಿನ ವಾರ ಉಪಸಮಿತಿಯ ವರದಿ ನಾನೇ ಓದಬೇಕು. ಸಬ್‌ಕಮಿಟಿ ಅನ್ನುವಾಗ ಒತ್ತು ಎಲ್ಲಿ?

ಲಘುಗುರು
ಮುಖ್ಯ ಒತ್ತು ಸಬ್ ಮೇಲೆ. ಮಿ ಮೇಲೆ ಚಿಕ್ಕದೊಂದು ಒತ್ತು ಉಳಿಯುತ್ತೆ. ಕ ಅಷ್ಟೇ ಸಣ್ಣಗಿರಲಿ.